ಹೆಬ್ಬಾರರ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ತಿಪಟೂರಿನ ನನ್ನ ಹಿಟ್ಟಿನ ಗಿರಣಿಗೆ ರಾಗಿ ತರುವವರು ಹಿಟ್ಟು ಬೀಳುವವರೆಗೆ ಸುಮ್ಮನೆ ನಿಲ್ಲುವ ಜನವಲ್ಲ. ನಾನು ಅಮೆರಿಕಕ್ಕೆ ಹೋಗಿ ಬಂದ ಮೇಲಂತೂ ಅವರ ಪ್ರಶ್ನೆಗಳಿಗೆ ಕೊನೆಯೇ ಇಲ್ಲದಂತಾಗಿದೆ. ಅಲ್ಲಿ ಮುದ್ದೆ ಸಿಗುತ್ತದೆಯೇ? ಬೀದಿಯಲ್ಲಿ ದನ ಓಡಾಡುವುದಿಲ್ಲವೇ? ಆ ಊರಿನಲ್ಲಿ ಹಿಟ್ಟು ಬೀಸುವವರು ಯಾರು? ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ನನಗೆ ತೋಚಿದ್ದನ್ನೆಲ್ಲ ಹೇಳಿದ್ದೇನೆ. ಒಂದು ಸಂಗತಿ ಮಾತ್ರ ಉಳಿದುಬಿಟ್ಟಿತ್ತು. ಅದು ಕೂಗಿ ಹೇಳುವಂಥದಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವನ ಬರವಣಿಗೆ ಹೇಗಿರಬಹುದೋ ಇದು ಹಾಗಿದೆ. ಬರೆದದ್ದನ್ನು ಅಮೆರಿಕದಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿ, "ಹೂಂ, ಕಳ್ಸು" ಅಂದಳು. ಆಮೇಲೆಯೇ ಪತ್ರಿಕೆಗೆ ಕಳಿಸುತ್ತಿದ್ದೇನೆ.

ಡೆಟ್ರಾಯಿಟ್

ಚಿಕಾಗೋಗೆ ಹೋಗಬೇಕಾದವನು ಮೊದಲು ಡೆಟ್ರಾಯಿಟಿನಲ್ಲಿ ಇಳಿದು ವಿಮಾನ ಬದಲಾಯಿಸಬೇಕಿತ್ತು. ನನ್ನ ಚೀಲದಲ್ಲಿ ಅಕ್ಕನಿಗೆಂದು ನಾನೇ ಬೀಸಿದ ರಾಗಿ ಹುರಿಹಿಟ್ಟಿನ ಪೊಟ್ಟಣಗಳಿದ್ದವು. ಅಧಿಕಾರಿ ಒಂದನ್ನು ಎತ್ತಿ, ಹಿಚುಕಿ, ಮೂಸಿ, ಏನಿದು ಎಂದು ಕೇಳಿದ. ನನಗೆ ತಿಳಿದಿದ್ದ ಇಂಗ್ಲಿಷಿನಲ್ಲಿ ಹತ್ತಿರದ ಮಾತು "ಪೌಡರ್". ಅದನ್ನೇ ಹೇಳಿದೆ. ಅವನ ಮುಖದಲ್ಲಿದ್ದ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಇನ್ನಿಬ್ಬರು ಬಂದರು, ಕೈಗೆ ಗವುಸು ಹಾಕಿಕೊಂಡರು, ಒಂದು ನಾಯಿಯನ್ನೂ ಕರೆತಂದರು. ನಾಯಿ ಮೂಸಿ ನೋಡಿ, ಸೀನಿ, ಅತ್ತ ತಿರುಗಿ ಕುಳಿತಿತು. ಕೊನೆಗೆ ನಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಚಪ್ಪರಿಸಿ ತೋರಿಸಿದೆ. ಅವರಲ್ಲಿ ವಯಸ್ಸಾದವನು ನಕ್ಕು, ಹೋಗು ಎಂದು ಕೈ ಬೀಸಿದ.

ಅಲ್ಲಿಂದ ಮುಂದೆ ಮತ್ತೊಂದು ಸಾಲು. ಅಲ್ಲಿ ಎಲ್ಲರೂ ಶೂ ಬಿಚ್ಚಿ ತಟ್ಟೆಯಲ್ಲಿ ಇಡಬೇಕು. ಕೋಟು ಹಾಕಿದ ಗಂಡಸರು, ಮಗು ಎತ್ತಿಕೊಂಡ ಹೆಂಗಸರು, ಎಲ್ಲರೂ ಕಾಲುಚೀಲದಲ್ಲಿ ನಿಂತು, ಹೊರಗೆ ಬಂದ ಮೇಲೆ ತಮ್ಮ ತಮ್ಮ ಜೋಡನ್ನು ಹುಡುಕಿಕೊಳ್ಳುತ್ತಿದ್ದರು. ಪ್ರವಾಸಕ್ಕೆಂದೇ ಕೊಂಡಿದ್ದ ನನ್ನ ಶೂ ಎರಡೂ ಹಿಮ್ಮಡಿಯನ್ನು ಕಚ್ಚಿ ಹಾಕಿತ್ತು. ಬಿಚ್ಚಿದ ಕೂಡಲೇ ಎಷ್ಟೋ ಹಾಯೆನಿಸಿತು. ಆದರೆ ಸಾಲಾಗಿ ಬಂದ ಅಷ್ಟು ಜೋಡುಗಳನ್ನು ನೋಡುತ್ತ, ನನ್ನದನ್ನು ಎತ್ತಿಕೊಳ್ಳುವುದನ್ನೇ ಮರೆತು ನಿಂತೆ. ನಾನು ಅಷ್ಟು ದೂರ ಹೊರಟದ್ದೇ ಒಂದು ಜೊತೆ ಚಪ್ಪಲಿಯ ವಿಷಯ ಹೇಳುವುದಕ್ಕೆ.

ಅದನ್ನು ಈಗಲೇ ಹೇಳಿಬಿಡುತ್ತೇನೆ. ನನಗಾಗ ಹದಿನೈದು ವರ್ಷ. ಶಾಲೆ ಬಿಟ್ಟು ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತಿದ್ದೆ. ಅಕ್ಕ ಸುಶೀಲ ಪಿಯುಸಿ ಎರಡನೇ ವರ್ಷ. ನಮ್ಮ ಬೀದಿಯಲ್ಲಿ ಅಷ್ಟು ಓದಿದ ಹುಡುಗಿ ಅವಳೊಬ್ಬಳೇ. ಟೀಚರಾಗಬೇಕೆಂದು ಅವಳ ಆಸೆ. ಒಂದು ಮದುವೆ ಊಟಕ್ಕೆ ಹೋದಾಗ ಛತ್ರದ ಬಾಗಿಲಲ್ಲಿ ನನ್ನ ಹವಾಯಿ ಚಪ್ಪಲಿಯನ್ನು ಬಿಟ್ಟು, ಪಕ್ಕದಲ್ಲಿದ್ದ ಹೊಸ ತೊಗಲಿನ ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ದಾರಿಯುದ್ದಕ್ಕೂ ಅವು ಕಾಲಿನಿಂದ ಜಾರುತ್ತಿದ್ದವು. ಅಷ್ಟು ದೊಡ್ಡವು. ಮನೆಯಲ್ಲಿ, ನನ್ನ ಚಪ್ಪಲಿಯನ್ನು ಯಾರೋ ಹೊತ್ತುಕೊಂಡು ಹೋದರು ಎಂದು ಹೇಳಿದೆ. ಕದ್ದ ಜೋಡನ್ನು ಹಿತ್ತಿಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮರೆಗೆ ಇಟ್ಟೆ.

ಮಾರನೆಯ ದಿನ ಮಧ್ಯಾಹ್ನ ಅಪ್ಪ ಮಂಡಿಯಿಂದ ಊಟಕ್ಕೆ ಬಂದಾಗ ಅಕ್ಕ ಒಬ್ಬಳೇ ಮನೆಯಲ್ಲಿ ಓದುತ್ತಿದ್ದಳು. ಕೈ ತೊಳೆಯಲು ಹಿತ್ತಿಲಿಗೆ ಹೋದ ಅಪ್ಪನ ಕಣ್ಣಿಗೆ ಆ ಚಪ್ಪಲಿ ಬಿತ್ತು. ಬೆಳೆದ ಗಂಡಸಿನ ಕಾಲಿನದು, ಹೊಸದು, ಹಿತ್ತಿಲಲ್ಲಿ ಬಚ್ಚಿಟ್ಟದ್ದು. ನಾನು ಸೈಕಲ್ ಶಾಪಿನಿಂದ ಬಂದಾಗ ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ಪಕ್ಕದ ಮನೆಯವರು, ಎಲ್ಲರೂ ಸುತ್ತ ನಿಂತಿದ್ದರು. ನಡುವೆ ಚಪ್ಪಲಿ, ಚಪ್ಪಲಿಯ ಆಚೆ ಅಕ್ಕ. "ಯಾರ್ದು ಇದು? ಯಾರು ಬಂದಿದ್ದ?" ಎಂದು ಅಪ್ಪ ಕೇಳುತ್ತಿದ್ದರು. "ನಂಗೊತ್ತಿಲ್ಲಪ್ಪ" ಎಂದು ಅಕ್ಕ ಹೇಳುತ್ತಿದ್ದಳು. ನಾನು ಎಲ್ಲರ ಹಿಂದೆ ನಿಂತು ನೋಡಿದೆ. ನಂದು ಎಂಬ ಒಂದು ಮಾತು ಹೇಳಿದ್ದರೆ ಕಳ್ಳ ಎಂದು ನಾಲ್ಕು ಏಟು ಬೀಳುತ್ತಿತ್ತು, ಅಷ್ಟೇ. ಹೇಳಲಿಲ್ಲ. ಅವಳ ಕಾಲೇಜು ಅಂದೇ ನಿಂತಿತು. ಪರೀಕ್ಷೆಗೂ ಕೂರಿಸಲಿಲ್ಲ. ಆ ಬೇಸಿಗೆಯಲ್ಲೇ ಸಿಕ್ಕ ಮೊದಲ ಗಂಡಿಗೆ ಕೊಟ್ಟು ಮದುವೆ ಮಾಡಿದರು. ಭಾವ ಒಳ್ಳೆಯವರಾಗಿ ಸಿಕ್ಕಿದ್ದು ನಮ್ಮ ಪುಣ್ಯ. ಅದಕ್ಕೂ ನನ್ನ ತಪ್ಪಿಗೂ ಸಂಬಂಧವಿಲ್ಲ.

ಬೋಲಿಂಗ್‌ಬ್ರೂಕ್

ಅಕ್ಕನ ಮನೆ ಇರುವುದು ಚಿಕಾಗೋ ಪಕ್ಕದ ಈ ಊರಿನಲ್ಲಿ. ಭಾವ ಅಲ್ಲಿ ದೊಡ್ಡ ಗೋದಾಮೊಂದರಲ್ಲಿ ಮೇಲ್ವಿಚಾರಕರು. ಅವರ ಅಣ್ಣ ಮೊದಲೇ ಬಂದಿದ್ದರಿಂದ ಇವರಿಗೂ ದಾರಿಯಾಗಿತ್ತು. ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಹುಯ್ದ ಇಟ್ಟಿಗೆಯ ಹಾಗೆ. ಮೊದಲ ದಿನ ಬೆಳಿಗ್ಗೆ ವಾಕಿಂಗ್ ಹೋಗಿ ಬಂದು, ತೆರೆದಿದ್ದ ಗರಾಜಿನೊಳಗೆ ನುಗ್ಗಿ, ಚಪ್ಪಲಿ ಬಿಟ್ಟು, "ಅಕ್ಕಾ ಕಾಫಿ" ಎಂದು ಕೂಗಿದೆ. ಒಳಗಿನಿಂದ ಬಂದವನು ಕೈಯಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದ ಬಿಳಿಯ ಮನುಷ್ಯ. ಬಾಯಿ ತುಂಬ ನೊರೆ. ಅವನು ಬ್ರಷ್ಷಿನಿಂದಲೇ ಎದುರು ಮನೆ ತೋರಿಸಿದ.

"ನಮ್ಮವ್ರು ಬಂದೋರೆಲ್ಲ ಒಂದ್ಸಲ ಅವ್ರ ಮನೆಗೆ ಹೋಗ್ಲೇಬೇಕು. ಅಭ್ಯಾಸ ಆಗ್ಹೋಗಿದೆ ಅವ್ರಿಗೆ," ಎಂದರು ಭಾವ.

ನಮ್ಮಲ್ಲಿ ಪಕ್ಕದ ಮನೆಯವರ ಒಗ್ಗರಣೆಯ ವಾಸನೆಯಿಂದ ಏನು ಸಾರು ಎಂದು ಹೇಳಬಹುದು. ಅಲ್ಲಿ ಪಕ್ಕದವರು ಬದುಕಿದ್ದಾರೆ ಎಂದು ತಿಳಿಯುವುದು ಅವರು ಹುಲ್ಲು ಕತ್ತರಿಸುವ ಯಂತ್ರ ಹೊರಗೆ ತೆಗೆದಾಗ. ಆದರೂ ಎದುರಾದವರು ಯಾರೇ ಆಗಲಿ, ಗುರುತಿಲ್ಲದಿದ್ದರೂ ನಕ್ಕು ಗುಡ್ ಮಾರ್ನಿಂಗ್ ಹೇಳುತ್ತಾರೆ. ನಾನು ಮೊದಮೊದಲು, ಯಾರಿಗೋ ಹೇಳುತ್ತಿರಬಹುದೆಂದು ಹಿಂದೆ ತಿರುಗಿ ನೋಡುತ್ತಿದ್ದೆ.

ಅಕ್ಕನ ಮಗಳು ಶ್ರುತಿ ಡೆಟ್ರಾಯಿಟ್ ಹತ್ತಿರದ ಸೌತ್‌ಫೀಲ್ಡಿನ ಕಾಲೇಜಿನಲ್ಲಿ ಓದುತ್ತಾಳೆ. ನಾನಿದ್ದದ್ದು ಅವಳ ಕೋಣೆಯಲ್ಲಿ. ಗೋಡೆಯುದ್ದಕ್ಕೂ ಪುಸ್ತಕ. ಅಕ್ಕ ದಿಂಬಿಗೆ ಕವರು ಹಾಕುತ್ತ, "ಫೀಸು ಕಟ್ಟಿ ಕಟ್ಟಿ ಭಾವಂಗೆ ಸೊಂಟ ನೋವು. ಆದ್ರೂ ಓದ್ಲಿ ಬಿಡು. ಓದೋ ಟೈಮಲ್ಲಿ ಓದ್ಬೇಕು," ಅಂದಳು. ಬೇರೇನೂ ಮನಸ್ಸಿನಲ್ಲಿ ಇಟ್ಟುಕೊಂಡು ಆಡಿದ ಮಾತಲ್ಲ. ನನಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ. ಹೇಳಿಬಿಡೋಣವೆಂದು ಬಾಯಿ ತೆರೆದೆ. "ಅಕ್ಕ, ಒಂದು ಮಾತು." "ಏನೋ?" "ಏನಿಲ್ಲ, ನಲ್ಲಿ ಯಾವ ಕಡೆ ತಿರುಗಿಸಿದ್ರೆ ಬಿಸಿನೀರು?" ಆ ವಾರದಲ್ಲಿ ಹೀಗೆ ಬಿಸಿನೀರು, ಲೈಟಿನ ಸ್ವಿಚ್ಚು, ಚಳಿಗಾಲದ ಹಿಮ, ಏನೇನೋ ಕೇಳಿದೆ. ಕೇಳಬೇಕಾದ್ದು ಕ್ಷಮೆ. ಅದೊಂದೇ ಬಾಯಿಗೆ ಬರಲಿಲ್ಲ.

ಊಟದ ಮೇಜಿನ ಮೇಲೆ ಗ್ರಂಥಾಲಯದ ಪುಸ್ತಕಗಳ ರಾಶಿ. ಎಲ್ಲದರ ಮೇಲೂ ಟೊಪ್ಪಿಗೆ ಹಾಕಿದ ಅದೇ ಒಬ್ಬ ಮನುಷ್ಯನ ಚಿತ್ರ.

"ಇವ್ರ್ಯಾರಕ್ಕ?"

"ಓಟಿಸ್ ಹೆಬರ್. ಪತ್ತೇದಾರ."

"ಹೆಬ್ಬಾರಾ? ನಮ್ ಕಡೆಯೋರಾ?"

"ಹೆಬ್ಬಾರಲ್ವೋ, ಹೆಬರ್!" ಅಕ್ಕ ನಗು ತಡೆಯಲಾರದೆ ಸೌಟು ಕೆಳಗಿಟ್ಟಳು.

ಮೊದಮೊದಲು ಇಂಗ್ಲಿಷ್ ಕಲಿಯಲೆಂದು ಓದತೊಡಗಿದ ಕತೆಗಳಂತೆ. ಊರಿನಲ್ಲಿದ್ದಾಗ ಬಾಡಿಗೆ ಪುಸ್ತಕದಂಗಡಿಯ ಪತ್ತೇದಾರಿ ಕಾದಂಬರಿಗಳನ್ನು ಅವಳು ಲಂಗದ ನೆರಿಗೆಯಲ್ಲಿ ಅಡಗಿಸಿ ತರುತ್ತಿದ್ದದ್ದು ನನಗೆ ನೆನಪಾಯಿತು.

"ನಿಮ್ಮಕ್ಕಂಗೆ ಆ ಮನುಷ್ಯನ ಮೇಲಿರೋ ನಂಬಿಕೆ ನನ್ಮೇಲಿಲ್ಲ ಮಂಜುನಾಥ್," ಎಂದರು ಭಾವ. "ಕಾರಿನ ಕೀ ಕಳೆದ್ರೂ, ಹೆಬರ್ ಆಗಿದ್ರೆ ಎಲ್ಲಿ ಹುಡುಕ್ತಿದ್ದ ಅಂತಾಳೆ."

"ಸಿಕ್ತಲ್ಲ! ಎಲ್ಲಿತ್ತು ಹೇಳ್ರಿ ಅವ್ನಿಗೆ."

"ಫ್ರಿಜ್ಜಲ್ಲಿ," ಎಂದು ಒಪ್ಪಿಕೊಂಡರು.

ಈ ಹೆಬ್ಬಾರರಿಗೆ (ನನ್ನ ಬಾಯಲ್ಲಿ ಅವರು ಹಾಗೆಯೇ ಉಳಿದರು) ಒಂದು ಮ್ಯೂಸಿಯಂ ಇದೆಯಂತೆ. ಇಷ್ಟು ವರ್ಷದಿಂದ ಅಕ್ಕ ನೋಡಬೇಕೆಂದುಕೊಂಡಿದ್ದಾಳೆ. ಭಾವನಿಗೆ ಅಂಥದ್ದರಲ್ಲಿ ಆಸಕ್ತಿಯಿಲ್ಲ, ಶ್ರುತಿಗೆ ಬಿಡುವಿಲ್ಲ. "ನೀನ್ ಬಾರೋ ಮಂಜ, ನಾನು ಡ್ರೈವ್ ಮಾಡ್ತೀನಿ. ಒಂದ್ ದಿನ ಅಲ್ಲೇ ಇದ್ದು ಬರೋಣ," ಅಂದಳು. ಕಾರಿನಲ್ಲಿ ನಾವಿಬ್ಬರೇ. ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು ಎಂದುಕೊಂಡು ಹೊರಟೆ. ಕಾಲಿನ ಗಾಯಕ್ಕೆ ಶೂ ಬೇಡವೆಂದು ನನ್ನ ಊರಿನ ಚಪ್ಪಲಿಯನ್ನೇ ಹಾಕಿಕೊಂಡೆ.

ಹೆಬ್ಬಾರರ ಊರು

ಇಲಿನಾಯ್ ರಾಜ್ಯದ ನೆಲ ನಮ್ಮ ಅಂಗೈಯಷ್ಟೂ ಏರಿಳಿತವಿಲ್ಲದ್ದು. ಹೆದ್ದಾರಿ ಬಿಟ್ಟ ಮೇಲೆ ಎರಡೂ ಕಡೆ ಮುಸುಕಿನ ಜೋಳದ ಎಳೆ ಪೈರು. ಅಷ್ಟು ದೊಡ್ಡ ಹೊಲಗಳಲ್ಲಿ ಒಬ್ಬ ಮನುಷ್ಯನೂ ಕಾಣಲಿಲ್ಲ. ಅಕ್ಕ ಎರಡು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ಲಾರಿಗಳನ್ನು ಹಿಂದೆ ಹಾಕುತ್ತಿದ್ದಳು. ಸೈಕಲ್ ಕಲಿಯಲು ಅಪ್ಪ ಬಿಡದ ಹುಡುಗಿ! ನಾನು ಅದನ್ನೇ ನೋಡುತ್ತ ಕುಳಿತೆ. ದಾರಿಯಲ್ಲಿ ಹೇಳಬೇಕೆಂದಿದ್ದದ್ದು ಹಾಗೇ ಉಳಿಯಿತು. ಲಾರಿ ಪಕ್ಕದಲ್ಲಿರುವಾಗ ಇಂಥ ಮಾತು ಬೇಡ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಅದು ಚಿಕ್ಕ ಊರು. ನಡುವೆ ಒಂದು ಚೌಕ, ಅದರಲ್ಲಿ ಮರಗಳು, ಬೆಂಚುಗಳು. ಹೆಬ್ಬಾರರ ಕತೆಗಳನ್ನು ಬರೆದವನು ಬಾಳಿದ್ದ ಎರಡಂತಸ್ತಿನ ಮರದ ಮನೆಯೇ ಈಗ ಮ್ಯೂಸಿಯಂ. ಹೊರಗಿನ ಫಲಕದಲ್ಲಿ ಬರೆದವನ ಹೆಸರು ಸಣ್ಣ ಅಕ್ಷರದಲ್ಲಿ, ಹೆಬ್ಬಾರರ ಹೆಸರು ದೊಡ್ಡದಾಗಿ. ಬಾಗಿಲಲ್ಲಿದ್ದ ಡಾರ್ಲೀನ್ ಎಂಬ ಬೆಳ್ಳಿಗೂದಲಿನ ಹೆಂಗಸು, "ಮಿಸ್ಟರ್ ಹೆಬರ್ ಈಗಷ್ಟೇ ಹೊರಗೆ ಹೋದರು, ನೀವು ಒಳಗೆ ನೋಡುತ್ತಿರಿ," ಎಂದು ಗಂಭೀರವಾಗಿ ಹೇಳಿದಳು. ಅಕ್ಕ ಕನ್ನಡದಲ್ಲಿ ಹೇಳಿದ ಮೇಲೆ ನಾನು, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿದೆ.

"ಅಯ್ಯೋ, ಅವ್ನು ಇಲ್ಲವೇ ಇಲ್ಲ ಕಣೋ! ಕತೆ!"

"ಇಲ್ದೇ ಇರೋನಿಗೆ ಮನೆ ಕಟ್ಟಿದಾರಾ?"

"ದೇವ್ರಿಗೆ ಕಟ್ಟಲ್ವಾ?" ಎಂದು ಕೇಳಿ, ಅಕ್ಕ ತನ್ನ ಮಾತಿಗೆ ತಾನೇ ಗಲ್ಲ ಬಡಿದುಕೊಂಡಳು.

ಕೆಳಗಿನ ಕೋಣೆಗಳಲ್ಲಿ ಹಳೆಯ ಪುಸ್ತಕಗಳು, ಚಿತ್ರಗಳು. ಅಕ್ಕ ಒಂದೊಂದರ ಮುಂದೆಯೂ ನಿಂತು ಓದುತ್ತಿದ್ದಳು. ಇಂಗ್ಲಿಷ್ ಓದಲು ಬರದ ನಾನು ಮೆಟ್ಟಿಲು ಹತ್ತಿ ಮೇಲೆ ಹೋದೆ. ಅಲ್ಲಿತ್ತು ಹೆಬ್ಬಾರರ ಕೋಣೆ. ಕುರ್ಚಿಯ ಮೇಲೆ ಕೋಟು, ಉರಿಯುವ ದೀಪ, ಅರ್ಧ ತಿಂದ ಬ್ರೆಡ್ಡು, ಓದುತ್ತಿದ್ದ ಪತ್ರಿಕೆ ಹಾಗೇ ಮಡಿಚಿಟ್ಟಿದ್ದು. ನೆಲಕ್ಕೆ ದಪ್ಪನೆಯ ಕೆಂಪು ಜಮಖಾನ. ಬಾಗಿಲಿಗೆ ಒಂದು ಮರದ ಹೊಸಲೂ ಇತ್ತು. ಇನ್ನೊಬ್ಬರ ಮನೆ, ಯಜಮಾನರು ಹೊರಗೆ ಹೋಗಿದ್ದಾರೆ. ನನ್ನ ಕಾಲುಗಳು ನನ್ನನ್ನು ಕೇಳಲಿಲ್ಲ. ಚಪ್ಪಲಿಯನ್ನು ಹೊಸಲಿನಾಚೆ ಜೋಡಿಸಿ ಬಿಟ್ಟು ಒಳಗೆ ಹೋದೆ. ಜಮಖಾನ ಮೆತ್ತಗಿತ್ತು. ಬ್ರೆಡ್ಡನ್ನು ಯಾರೂ ನೋಡದಾಗ ಮುಟ್ಟಿ ನೋಡಿದೆ. ಗಾರೆಯದು. ಇನ್ನೊಂದು ಬಾಗಿಲಿಂದ ಹಿಂಬದಿಯ ಮೆಟ್ಟಿಲು ಇಳಿದು, ಬಚ್ಚಲು ಹುಡುಕುತ್ತ ದಾರಿ ತಪ್ಪಿ, ಮತ್ತೆ ಮೇಲೆ ಬರುವಷ್ಟರಲ್ಲಿ ಕೋಣೆಯ ಮುಂದೆ ಗುಂಪು ನೆರೆದಿತ್ತು.

ಆಮೇಲೆ ಅಕ್ಕ ವಿವರಿಸಿದ ಮೇಲೆ ನನಗೆ ತಿಳಿದದ್ದು ಇಷ್ಟು. ಶನಿವಾರಗಳಲ್ಲಿ ಅಲ್ಲಿ ಒಂದು ಆಟ. ಮನೆಯಲ್ಲಿ ಎಲ್ಲೋ ಇರಬಾರದ ವಸ್ತುಗಳನ್ನು ಇಟ್ಟಿರುತ್ತಾರೆ. ನೋಡಲು ಬಂದವರು ಅವನ್ನು ಪತ್ತೆ ಮಾಡಿ, ಅದರಿಂದ ಕಳ್ಳನನ್ನು ಊಹಿಸಬೇಕು. ಬಸ್ಸಿನಲ್ಲಿ ಬಂದಿದ್ದ ವಯಸ್ಸಾದವರ ತಂಡವೊಂದು ಆಟವಾಡುತ್ತಿತ್ತು. ಅವರ ಕಣ್ಣಿಗೆ ನನ್ನ ಚಪ್ಪಲಿ ಬಿದ್ದಿದೆ.

ಎಂಥ ಸಂಭ್ರಮ ಅವರದು! ಒಬ್ಬ ಮುದುಕ ಮೊಣಕಾಲೂರಿ ಕುಳಿತು ಕನ್ನಡಕ ತೆಗೆದು ಅಟ್ಟೆ ನೋಡುತ್ತಿದ್ದ. ಎಡಗಾಲಿನದು ಹೆಚ್ಚು ಸವೆದಿದೆ, ಕುಂಟನಿರಬಹುದು. ಬೆರಳಿಗೆ ಉಂಗುರದಂಥ ಪಟ್ಟಿ ಇದೆ, ಬಿಸಿಲು ದೇಶದವನು. ಒಬ್ಬಾಕೆ ಹೊಲಿಗೆಯ ಸಂದಿಯಿಂದ ಉಗುರಿನಲ್ಲಿ ಬಿಳಿಪುಡಿ ತೆಗೆದು, "ಹಿಟ್ಟು!" ಎಂದು ಕೂಗಿದಳು. ಎಲ್ಲರೂ ಒಟ್ಟಿಗೆ, ಬೇಕರಿಯವನು, ಬೇಕರಿಯವನು ಎಂದರು. ಮತ್ತೊಬ್ಬ ಕಿಟಕಿಯತ್ತ ಕೈ ತೋರಿಸಿ, ಬರಿಗಾಲಲ್ಲಿ ಅಲ್ಲಿಂದ ಹಾರಿ ಓಡಿದ್ದಾನೆ ಎಂದ. ಆ ಮಾತುಗಳಲ್ಲಿ ಆಗ ನನಗೆ ಅರ್ಥವಾದದ್ದು ಕಡಿಮೆ. ಅರ್ಥವಾಗುವ ಅಗತ್ಯವೂ ಇರಲಿಲ್ಲ. ಸುತ್ತ ಜನ, ನಡುವೆ ಒಂದು ಜೊತೆ ಚಪ್ಪಲಿ, ಎಲ್ಲರ ಹಿಂದೆ ನಾನು. ಹಿತ್ತಿಲ ಒಗೆಯುವ ಕಲ್ಲೊಂದು ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಗದ್ದಲ ಕೇಳಿ ಅಕ್ಕ ಮುಂದಿನ ಮೆಟ್ಟಿಲು ಹತ್ತಿ ಬಂದಳು. ಮುದುಕ ಎದ್ದು ನಿಂತ. ಆ ಮನೆಯಲ್ಲಿ ಬಿಸಿಲು ದೇಶದವಳಂತೆ ಕಂಡವಳು ಅವಳೊಬ್ಬಳೇ. ಅವನು ಆಟದ ಉತ್ಸಾಹದಲ್ಲೇ, ಬೆರಳು ತೋರಿಸಿ, ನಗುತ್ತ, ಮೇಡಂ ಇದರ ಬಗ್ಗೆ ನಿಮಗೇನಾದರೂ ಗೊತ್ತೇ ಎಂದು ಕೇಳಿದ. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕ ಚಪ್ಪಲಿ ನೋಡಿದಳು. ಅವಳ ಮುಖದಲ್ಲಿದ್ದ ನಗು ಒಂದು ಗಳಿಗೆ ಆರಿತು. ಅವನ ಪ್ರಶ್ನೆಗಲ್ಲ, ಬೇರೆ ಯಾವುದಕ್ಕೋ. ಅದು ಏನೆಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

"ನಂದು!" ಎಂದು ಕೂಗಿದೆ.

ಗಿರಣಿಯಲ್ಲಿ ಕೂಗಿ ಕೂಗಿ ಅಭ್ಯಾಸವಾದ ಗಂಟಲು. ಕೆಳಗಿನಿಂದ ಡಾರ್ಲೀನ್ ಓಡಿ ಬಂದಳು. "ಮೈನ್. ಮೈ ಚಪ್ಪಲ್. ಐ," ಎಂದು ಎದೆ ಮುಟ್ಟಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ನನ್ನ ಬರಿಗಾಲನ್ನು ತೋರಿಸಿದೆ. ಮುದುಕ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ನಾನೂ ಆಟದ ಪಾತ್ರಧಾರಿ ಎಂದು ತಿಳಿದಿದ್ದರಂತೆ! ಅಲ್ಲ, ನಮ್ಮಲ್ಲಿ ಮನೆಯೊಳಗೆ ಹೀಗೇ ಹೋಗುವುದು ಎಂದು ಅಕ್ಕ ಹೇಳಿದಾಗ ಅವರಿಗೆ ಇನ್ನಷ್ಟು ಖುಷಿ. ನನ್ನ ಕಸುಬು ಹಿಟ್ಟು ಬೀಸುವುದು ಎಂದು ಕೇಳಿ ಹಿಟ್ಟು ಹಿಡಿದಾಕೆ ಕುಣಿದೇಬಿಟ್ಟಳು. ಹೆಬ್ಬಾರರ ಸಹಾಯಕ ಎಂದು ಬರೆದ ಒಂದು ತಗಡಿನ ಬಿಲ್ಲೆಯನ್ನು ಡಾರ್ಲೀನ್ ನನ್ನ ಅಂಗಿಗೆ ಚುಚ್ಚಿದಳು. ನಾನು ಚಪ್ಪಲಿಯನ್ನು ಎರಡು ಕೈಯಲ್ಲೂ ಎದೆಗವಚಿ ಹಿಡಿದೇ ನಿಂತಿದ್ದದ್ದು ಅಕ್ಕನಿಗೆ ಮಾತ್ರ ಕಂಡಿತು.

"ಏನಾಯ್ತೋ? ಅಷ್ಟಕ್ಕೆಲ್ಲ ಯಾಕೋ ಹೆದರ್ಕೋತೀಯ?"

ಹೆಬ್ಬಾರರ ಪಕ್ಕದ ಮನೆ

ನಾವು ಉಳಿದದ್ದು ಅದೇ ಬೀದಿಯ ಇನ್ನೊಂದು ಹಳೆಯ ಮನೆಯಲ್ಲಿ. ಮನೆಯೊಡತಿ ಮೇಲಿನ ಕೋಣೆಗಳನ್ನು ಪ್ರವಾಸಿಗರಿಗೆ ಕೊಟ್ಟು, ಬೆಳಿಗ್ಗೆ ತಿಂಡಿಯನ್ನೂ ಕೊಡುತ್ತಾಳೆ. ಕೋಣೆಗಳಿಗೆ ಹೆಬ್ಬಾರರು ಪತ್ತೆ ಮಾಡಿದ ಕೊಲೆಗಳ ಹೆಸರು. ನಿದ್ದೆ ಮಾಡುವ ಕೋಣೆಗೆ ಕೊಲೆಯ ಹೆಸರಿಟ್ಟರೆ ನಮ್ಮೂರಿನಲ್ಲಿ ಯಾರೂ ಆ ಕಡೆ ತಲೆ ಹಾಕಲಿಕ್ಕಿಲ್ಲ. ಅಲ್ಲಿ ಅಂಥದಕ್ಕೇ ಬೇಡಿಕೆಯಂತೆ.

ಜೂನ್ ತಿಂಗಳಿನಲ್ಲಿ ಅಲ್ಲಿ ರಾತ್ರಿ ಊಟದ ಹೊತ್ತಿಗೂ ಬಿಸಿಲು. ಮುಂದಿನ ಜಗಲಿಯಲ್ಲಿ ಎರಡು ತೂಗುವ ಕುರ್ಚಿ. ಅಕ್ಕ ಒಂದರಲ್ಲಿ ಕುಳಿತು, "ಅಬ್ಬಾ, ನಂದು ಅಂತ ಕೂಗಿದ್ದೇನು ನೀನು! ಆ ಮುದುಕನ ಟೋಪಿ ಹಾರ್ಹೋಗ್ಬೇಕಿತ್ತು," ಎಂದು ಮತ್ತೆ ಮತ್ತೆ ನಗುತ್ತಿದ್ದಳು. ನಾನು ಕುಳಿತುಕೊಳ್ಳಲಿಲ್ಲ.

"ಅಕ್ಕ, ಅವೂ ನಂದೇ."

"ಯಾವು?"

"ಹಿತ್ತಿಲಲ್ಲಿದ್ದವು. ಒಗೆಯೋ ಕಲ್ಲಿನ ಹತ್ರ."

ಕುರ್ಚಿ ತೂಗುವುದು ನಿಂತಿತು. ನಾನು ತಲೆ ಎತ್ತದೆ ಎಲ್ಲವನ್ನೂ ಹೇಳಿದೆ. ಛತ್ರ, ಮದುವೆ ಊಟ, ಜಾರುವ ಚಪ್ಪಲಿ, ಎಲ್ಲರ ಹಿಂದೆ ನಿಂತದ್ದು. ಬೀದಿಯಲ್ಲಿ ಯಾರೋ ನಾಯಿ ಹಿಡಿದುಕೊಂಡು ಹೋಗುತ್ತ ನಮಗೆ ಕೈ ಬೀಸಿದರು. ಅಕ್ಕನ ಕೈ ತಾನಾಗಿ ಎದ್ದು ಬೀಸಿತು.

"ನಿನ್ ಕಾಲಿಗೆ ದೊಡ್ಡದಲ್ವೇನೋ ಅವು," ಎಂದಳು ಕೊನೆಗೆ.

"ಹೂಂ. ದೊಡ್ಡದೇ."

"ಅದಕ್ಕೇ ನಿನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ ನಾನು. ಹಾಲಿನೋನು ಅಂದ್ಕೊಂಡೆ. ಕಳ್ಳ ಅಂದ್ಕೊಂಡೆ. ದೊಡ್ಡಮ್ಮನೇ ತಂದಿಟ್ರಾ ಅಂತಾನೂ ಅನ್ನಿಸ್ತು, ಪಾಪ." ಎದ್ದು ನಿಂತಳು. "ನಿನ್ನ ಹವಾಯಿ ಚಪ್ಪಲಿ ಕಳೆದಿದ್ದು ಅದರ ಹಿಂದಿನ ದಿನ. ಅಲ್ವಾ? ಅಮ್ಮ ಬೈದಿದ್ಲು ನಿಂಗೆ. ಎರಡೂ ನನ್ ಕಣ್ಮುಂದೇನೇ ಇತ್ತು. ಹೆಬರ್ ಆಗಿದ್ರೆ ಮೊದಲ್ನೇ ಪುಟದಲ್ಲೇ ಹಿಡೀತಿದ್ದ. ಬಾಯಿ ಮುಚ್ಕೊಂಡು ಹಿಂದೆ ನಿಂತಿರ್ತಾನಲ್ಲ, ಯಾವಾಗ್ಲೂ ಅವ್ನೇ."

"ಅಕ್ಕ…"

"ನನ್ ಹಾಲ್ ಟಿಕೆಟ್ ಬಂದಿತ್ತು ಕಣೋ ಮಂಜ!"

ಆ ಒಂದು ಮಾತನ್ನು ಮಾತ್ರ ಅವಳು ಜೋರಾಗಿ ಹೇಳಿದ್ದು. ಆಮೇಲೆ ಮೆಟ್ಟಿಲಿಳಿದು ಹೋದಳು. ಚೌಕದ ಸುತ್ತ ಅವಳು ನಡೆಯುವುದು ಜಗಲಿಯಿಂದ ಕಾಣುತ್ತಿತ್ತು. ಒಂದು ಸುತ್ತು ಬಂದಳು, ಇನ್ನೊಂದು ಸುತ್ತು, ಮತ್ತೊಂದು. ಹಿಂದೆ ಹೋಗಲೇ ಬೇಡವೇ ತಿಳಿಯಲಿಲ್ಲ. ಮನೆಯೊಡತಿ ಬಾಗಿಲಿಗೆ ಬಂದು ನನ್ನ ಮುಖ ನೋಡಿ, ಏನೂ ಕೇಳದೆ, ಎರಡು ಲೋಟ ನಿಂಬೆ ಶರಬತ್ತು ಇಟ್ಟು ಹೋದಳು. ಐಸು ಕರಗಿ ಎರಡೂ ಲೋಟ ನೀರಾದವು. ಅಕ್ಕ ಬಂದವಳು ಅದನ್ನೇ ಎತ್ತಿ ಗಟಗಟ ಕುಡಿದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ತಿಂಡಿಗೆ ಕೊಟ್ಟದ್ದು ನಮ್ಮ ಗೋಧಿ ದೋಸೆಯಂಥದು, ಮೇಲೆ ಸಿಹಿ ಪಾಕ. ಅಕ್ಕನ ಕಣ್ಣು ಊದಿತ್ತು. ತಟ್ಟೆಯನ್ನು ಅತ್ತ ಸರಿಸಿ ಮೊಬೈಲು ತೆಗೆದಳು. ಊರಿಗೆ ಮಾತಾಡಲು ಮೊದಲೇ ದುಡ್ಡು ಕೊಟ್ಟು ಕೊಂಡಿದ್ದ ಫೋನ್ ಕಾರ್ಡಿನ ಹಿಂದಿನ ಉದ್ದದ ನಂಬರನ್ನು ಒಂದೊಂದಾಗಿ ಒತ್ತಿದಳು.

"ಅಮ್ಮಂಗೆ ಹೇಳು."

"ಈಗ್ಲೇನಾ?"

"ಅಪ್ಪಂಗೆ ಹೇಳಕ್ಕಾಗಲ್ಲ, ಹೋದ್ರು. ಅಮ್ಮ ಇದಾಳೆ. ಮದ್ವೆ ಆದಾಗಿಂದ ಫೋನ್ ಮಾಡಿದ್ರೆ ಊಟ ಆಯ್ತಾ, ಹುಷಾರು, ಇಡ್ತೀನಿ. ಇಷ್ಟೇ ಮಾತು ನನ್ ಜೊತೆ. ಅವ್ಳಿಗೆ ಹೇಳು. ದೊಡ್ಡಮ್ಮಂಗೆ ಹೇಳು. ಯಾರ್ಯಾರು ಸುತ್ತ ನಿಂತಿದ್ರೋ ಎಲ್ರಿಗೂ ಹೇಳು. ನಂಗೊಬ್ಳಿಗೇ ಹೇಳಿ ಹಗುರ ಆಗ್ಬೇಡ."

ಅಮ್ಮ ಇರುವುದು ನನ್ನ ಜೊತೆಯಲ್ಲೇ, ತಿಪಟೂರಿನ ಮನೆಯಲ್ಲಿ. ಅಲ್ಲಿ ಸಂಜೆ ದೀಪ ಹಚ್ಚುವ ಹೊತ್ತು. ನನ್ನ ಹೆಂಡತಿ ಫೋನ್ ಎತ್ತಿ ಅಮ್ಮನಿಗೆ ಕೊಟ್ಟಳು. "ಏನೋ ಮಂಜ, ಅಲ್ಲಿ ಚಳಿನಾ?" ಎಂದಳು ಅಮ್ಮ. ನಾನು ಚಳಿಯ ವಿಷಯಕ್ಕೆ ಹೋಗಲಿಲ್ಲ. ಹಿಂದಿನ ದಿನ ಹೇಳಿದ್ದರಿಂದ ಮಾತುಗಳು ಸಾಲಾಗಿ ಸಿಕ್ಕವು. ಆ ಚಪ್ಪಲಿ ನಾನು ಛತ್ರದಿಂದ ಕದ್ದು ತಂದದ್ದು, ಮನೆಗೆ ಯಾರೂ ಬಂದಿರಲಿಲ್ಲ, ಅಕ್ಕನದು ಏನೂ ಇರಲಿಲ್ಲ ಎಂದೆ. ಲೈನು ಹೋಯಿತೆಂದುಕೊಂಡೆ.

"ಅಮ್ಮ, ಕೇಳಿಸ್ತಾ?"

"ಫೋನು ಅವಳ ಕೈಗೆ ಕೊಡು," ಎಂದಳು ಅಮ್ಮ.

ಅಕ್ಕ ಫೋನ್ ತೆಗೆದುಕೊಂಡು ಜಗಲಿಗೆ ಹೋದಳು. ಒಳಗೆ ಮನೆಯೊಡತಿ ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ಬೇಡವೆನ್ನಲು ಮಾತು ಹೊಳೆಯದೆ ಅದನ್ನೂ ತಿಂದೆ. ಕಾರ್ಡಿನ ದುಡ್ಡು ಮುಗಿಯುವವರೆಗೂ ಅಕ್ಕ ಒಳಗೆ ಬರಲಿಲ್ಲ. ಏನು ಮಾತಾಡಿಕೊಂಡರೋ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಮೆಟ್ಟಿಲು ಹತ್ತಿದಾಗ ಮಾತ್ರ ಒಂದು ವಿಚಿತ್ರ ಕಂಡೆವು. ಮೇಲಿನ ಕೋಣೆಗಳ ಮುಂದೆ, ಹಿಂದಿನ ದಿನ ಮ್ಯೂಸಿಯಂನಲ್ಲಿದ್ದ ದಂಪತಿಗಳು ತಮ್ಮ ಶೂಗಳನ್ನು ಬಾಗಿಲ ಹೊರಗೆ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು.

"ನೋಡು, ನಿನ್ ಅಭ್ಯಾಸ ಊರಿಗೆಲ್ಲ ಹಚ್ಚಿದೆ," ಎಂದಳು ಅಕ್ಕ. ಹಿಂದಿನ ಸಂಜೆಯ ನಂತರ ಅವಳು ನನ್ನ ಜೊತೆ ಆಡಿದ ಮೊದಲ ತಮಾಷೆ ಅದು.

ಅರೋರಾ

ಅಂದೇ ಕಾರಿನಲ್ಲಿ ಹಿಂದಿರುಗಿ ಹೊರಟೆವು. ಎಲ್ಲ ಸರಿಹೋಯಿತು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ದಾರಿಯ ನಡುವೆ ಒಮ್ಮೆ, "ಇವತ್ತೂ ಸಿಟ್ಟಿದೆ. ನಾಳೆನೂ ಇರುತ್ತೆ. ಅದನ್ನ ನೋಡ್ಕೊಂಡು ನೀನು ಮುಖ ಸಣ್ಣ ಮಾಡ್ಕೊಂಡು ಕೂರ್ಬೇಡ," ಅಂದಳು. ಸ್ವಲ್ಪ ಹೊತ್ತಿನ ಮೇಲೆ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, ಹೇಳಿದಳು.

"ಇಲ್ಲೇ ಹತ್ರ ಒಂದ್ ಕಾಲೇಜಿದೆ, ದೊಡ್ಡೋರಿಗೆ. ಚಿಕ್ ಮಕ್ಕಳಿಗೆ ಪಾಠ ಹೇಳೋ ಕೋರ್ಸು. ನೀನ್ ಬರೋಕ್ ಮುಂಚೆನೇ ಅಪ್ಲೈ ಮಾಡಿದೀನಿ. ಭಾವಂಗೂ ಗೊತ್ತು. ನೀನು ಬಾಯಿ ಬಿಡ್ಲಿ ಅಂತ ನಾನೇನು ಕಾಯ್ತಾ ಕೂತಿರ್ಲಿಲ್ಲ, ತಿಳ್ಕೋ."

ಸೀಟು ಸಿಗುತ್ತದೆಯೇ ಎಂದು ಕೇಳಿದೆ. "ಸಿಗುತ್ತೆ. ಸ್ಲೋ ಆಗಿ ಓದ್ತೀನಿ," ಎಂದಳು.

ಅರೋರಾ ಎಂಬ ಊರಿನ ನಮ್ಮವರ ದೇವಸ್ಥಾನ ದಾರಿಯಲ್ಲೇ. ಅಷ್ಟು ಹೊಲಗಳ ನಂತರ ದೂರದಿಂದ ಬಿಳಿಯ ಗೋಪುರ ಕಂಡು, ನಾನು ಸೀಟಿನಲ್ಲಿ ನೆಟ್ಟಗೆ ಕುಳಿತೆ. ಭಾನುವಾರ, ಕಾರು ನಿಲ್ಲಿಸಲು ಜಾಗವಿರಲಿಲ್ಲ. ಒಳಗೆ ಹೋದ ಕೂಡಲೇ ಚಪ್ಪಲಿಯ ಕೋಣೆ. ಗೋಡೆಗಳ ತುಂಬ ಮರದ ಗೂಡುಗಳು, ಅವು ಸಾಲದೆ ನೆಲದ ಮೇಲೂ ಜೋಡುಗಳು. ಹೊಸವು, ಹಳೆಯವು, ಮಿಣಮಿಣ ದೀಪ ಹೊತ್ತುವ ಮಕ್ಕಳ ಶೂಗಳು. ಕೈಯಲ್ಲಿ ನನ್ನ ಚಪ್ಪಲಿ ಹಿಡಿದು ಎಲ್ಲಿಡಲೆಂದು ತಿಳಿಯದೆ ನಿಂತೆ. ಅಕ್ಕ ತನ್ನ ಜೋಡನ್ನು ಒಂದು ಗೂಡಿನಲ್ಲಿ ಒತ್ತರಿಸಿ ಪಕ್ಕದಲ್ಲಿ ಜಾಗ ಮಾಡಿದಳು.

"ಇಲ್ಲಿಡು. ಯಾರಾದ್ರೂ ಕೇಳಿದ್ರೆ ನನ್ ತಮ್ಮಂದು ಅಂತೀನಿ."

ನಾನು ಇಟ್ಟೆ. ಅವಳು ಸೆರಗು ಸರಿಮಾಡಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋದವಳು, ಏನೋ ನೆನಪಾದಂತೆ ತಿರುಗಿ, ಅಲ್ಲಿದ್ದ ಅಷ್ಟೂ ಕನ್ನಡದವರಿಗೆ ಕೇಳುವಂತೆ ಹೇಳಿದಳು.

"ಬರ್ತಾ ನಿಂದೇ ಹಾಕ್ಕೊಂಡ್ ಬಾರೋ!"